ಹಸಿರು ಮೊಳೆತ ಅಂಗಳ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆಯ ವ್ಯಾಪಾರ ಏರುವ ಹೊತ್ತಿಗೆ ರಸ್ತೆಯ ಎರಡೂ ಬದಿಯ ಅಂಗಡಿಗಳ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಬಟ್ಟೆ, ಬಳೆ, ಪಾತ್ರೆ, ಬಂಗಾರ, ಹೂವು, ಪೂಜಾಸಾಮಗ್ರಿ ಎಲ್ಲವೂ ಕೈಗೆಟುಕುವ ದೂರದಲ್ಲಿ ದೊರೆಯುವ ಈ ಹಳೆಯ ಪೇಟೆ ಮಲೆನಾಡಿನ ಎಷ್ಟೋ ಊರುಗಳ ಮದುವೆಗಳಿಗೆ ಜವಳಿ ತೆಗೆಯುವ ಸ್ಥಳ. ಎರಡು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯ ಮೊದಲ ದಿನ ದೇವಿಯನ್ನು ಕುಳ್ಳಿರಿಸುವುದೂ ಇಲ್ಲಿಯೇ. ಅದು ಅವಳ ತವರುಮನೆ ಎಂದು ಊರಿನ ನಂಬಿಕೆ. ಯಾವ ಮತದವರ ಮೆರವಣಿಗೆಯಾದರೂ ಈ ಬೀದಿಯನ್ನು ಹಾಯಬೇಕೆಂದು ಬಯಸುವುದು ಸಹಜ. ಪೇಟೆಯ ಬೀದಿಯಲ್ಲಿ ಹಾದುಹೋದ ದೇವರು ಊರಿನ ದೇವರಾಗುತ್ತದೆ.

ಇಂಥ ಪೇಟೆಗಳಲ್ಲಿ ವ್ಯಾಪಾರ ಹೂಡಿರುವ ಜೈನ ಕುಟುಂಬಗಳ ಮಕ್ಕಳಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಆಹ್ವಾನ ಬರತೊಡಗಿದೆ. ಧರ್ಮಶ್ರದ್ಧೆ, ಶಾಂತಿ, ಪರಿಸರ ಎಂಬ ಮೂರು ಮಾತುಗಳನ್ನು ಬ್ಯಾನರಿನ ಮೇಲೆ ಬರೆದ ನಾಯಕತ್ವ ತರಬೇತಿ ಶಿಬಿರಗಳಿಗೆ ಬರಬೇಕೆಂಬ ಆಹ್ವಾನ ಅದು. ಎರಡು ದಿನ, ಹೆಚ್ಚೆಂದರೆ ಮೂರು ದಿನ. ಬೆಳಿಗ್ಗೆ ಸಾಮಾಯಿಕ ಮತ್ತು ಪೂಜೆ, ಆಮೇಲೆ ಉಪನ್ಯಾಸ, ಮಧ್ಯಾಹ್ನ ಗುಂಪುಚರ್ಚೆ, ಸೂರ್ಯಾಸ್ತಕ್ಕೆ ಮೊದಲು ಊಟ, ಕೊನೆಯ ದಿನ ಸಸಿ ನೆಡುವಿಕೆ ಮತ್ತು ಪ್ರಮಾಣಪತ್ರ. ಶಿಬಿರ ಮುಗಿಸಿದ ತರುಣ ಮರುದಿನ ಬೆಳಿಗ್ಗೆ ಅಂಗಡಿಯ ಶಟರು ಎತ್ತುತ್ತಾನೆ. ಅಲ್ಲಿ ಕಲಿತದ್ದರಲ್ಲಿ ಏನು ಅವನೊಡನೆ ಗಲ್ಲಾಪೆಟ್ಟಿಗೆಯವರೆಗೆ ಬಂದಿತು ಎಂಬ ಪ್ರಶ್ನೆಯನ್ನು ಶಿಬಿರದ ವರದಿಗಳು ಕೇಳುವುದಿಲ್ಲ. ಜೈನ ಸಾಹಿತ್ಯವಾದರೋ ಆ ಪ್ರಶ್ನೆಯನ್ನು ಸಾವಿರ ವರ್ಷಗಳಿಗೂ ಮೊದಲೇ ಕೇಳಿದೆ.

ತರಬೇತಿ ಎಂಬ ಪದ ಹೊಸದಾದರೂ ಆ ಅರ್ಥದ ಪದ ಶ್ರಾವಕಾಚಾರ ಗ್ರಂಥಗಳಲ್ಲಿ ಬಹು ಹಿಂದಿನಿಂದಲೂ ಇದೆ. ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳು, ಮೂರು ಗುಣವ್ರತಗಳು; ಉಳಿದ ನಾಲ್ಕರ ಹೆಸರೇ ಶಿಕ್ಷಾವ್ರತ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಅವು ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ಯ. ಶಿಕ್ಷೆಯೆಂದರೆ ಇಲ್ಲಿ ದಂಡನೆಯಲ್ಲ, ಅಭ್ಯಾಸ. ಈ ನಾಲ್ಕರಲ್ಲಿಯೂ ಕಾಲದ ಲೆಕ್ಕವಿರುವುದನ್ನು ಗಮನಿಸಬೇಕು. ಇಂದು ಇಷ್ಟು ದೂರಕ್ಕಿಂತ ಆಚೆ ಹೋಗುವುದಿಲ್ಲವೆಂಬ ನಿಯಮ ಒಂದು ದಿನದ್ದೋ ಒಂದು ಪಕ್ಷದ್ದೋ ಆಗಿರಬಹುದು, ಸಾಮಾಯಿಕ ಒಂದು ನಿಯತ ಅವಧಿಯದು, ಪ್ರೋಷಧ ಅಷ್ಟಮಿ-ಚತುರ್ದಶಿಗಳದು, ವೈಯಾವೃತ್ಯ ಅತಿಥಿ ಬಾಗಿಲಿಗೆ ಬಂದಾಗಿನದು. ಒಮ್ಮೆ ಕಲಿತು ಮುಗಿಸುವ ವಿದ್ಯೆಯಲ್ಲ ಇದು. ದಿನದಿನವೂ ಮಾಡಿ, ಮರೆತು, ಮತ್ತೆ ಮಾಡಿ ರೂಢಿಗೆ ತಂದುಕೊಳ್ಳುವ ಕೆಲಸ. ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಶಾಸ್ತ್ರಕಾರರು ಎಣಿಸಿ ಹೇಳಿದ್ದಾರೆ. ಮನುಷ್ಯನು ಜಾರುತ್ತಾನೆ, ಎಲ್ಲೆಲ್ಲಿ ಜಾರುತ್ತಾನೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು ಹೊರಟ ಪಠ್ಯಕ್ರಮವದು. ಪ್ರಮಾಣಪತ್ರ ಕೊಡುವ ಶಿಬಿರಕ್ಕೂ ಅತಿಚಾರಗಳನ್ನು ಎಣಿಸಿಕೊಡುವ ಶಿಕ್ಷಾವ್ರತಕ್ಕೂ ಇರುವ ಅಂತರ ಸಣ್ಣದಲ್ಲ.

ನಾಯಕರನ್ನು ಆರಿಸುವ ಪರೀಕ್ಷೆಯೊಂದರ ಕಥೆ ಜಿನಸೇನಾಚಾರ್ಯರ ಆದಿಪುರಾಣದಲ್ಲಿದೆ. 9ನೆಯ ಶತಮಾನದ ಆ ಸಂಸ್ಕೃತ ಮಹಾಗ್ರಂಥದ ಮೂವತ್ತೆಂಟನೆಯ ಪರ್ವ. ದಿಗ್ವಿಜಯ ಮುಗಿಸಿದ ಭರತ ಚಕ್ರವರ್ತಿಗೆ ತನ್ನ ಸಂಪತ್ತನ್ನು ಯೋಗ್ಯರಾದ ಗೃಹಸ್ಥರಿಗೆ ಕೊಟ್ಟು ಗೌರವಿಸಬೇಕೆಂಬ ಯೋಚನೆ ಬರುತ್ತದೆ. ನಿಗ್ರಂಥ ಮುನಿಗಳು ಏನನ್ನೂ ಸ್ವೀಕರಿಸುವುದಿಲ್ಲ. ಹಾಗಾದರೆ ಅಣುವ್ರತಿಗಳಲ್ಲಿ ಯೋಗ್ಯರು ಯಾರು? ಅವನು ಎಲ್ಲರಿಗೂ ಕರೆ ಕಳುಹಿಸುತ್ತಾನೆ. ಅವರು ಬರುವ ಮೊದಲು ಅರಮನೆಯ ಅಂಗಳದ ತುಂಬ ಹಸಿರು ಮೊಳಕೆ, ಹೂವು, ಹಣ್ಣುಗಳನ್ನು ಹರಡಿಸುತ್ತಾನೆ. ಬಂದವರಲ್ಲಿ ವ್ರತವಿಲ್ಲದವರು ಹಿಂದುಮುಂದು ನೋಡದೆ ಅವುಗಳನ್ನು ತುಳಿದುಕೊಂಡು ಒಳಕ್ಕೆ ಬಂದರು. ಕೆಲವರು ಬಾಗಿಲಿನಲ್ಲಿಯೇ ನಿಂತರು, ಹಿಂದಿರುಗಲೂ ಸಿದ್ಧರಾದರು. ಕಾರಣ ಕೇಳಿದಾಗ, ಮೊಳಕೆ ಚಿಗುರುಗಳಲ್ಲಿ ಅನಂತ ಜೀವಗಳಿವೆಯೆಂದು ಸರ್ವಜ್ಞನ ವಚನವಿದೆ, ಅವುಗಳನ್ನು ತುಳಿದು ಬರಲಾರೆವು ಎಂದರು. ಭರತನು ಅವರನ್ನು ಬೇರೊಂದು ದಾರಿಯಿಂದ ಕರೆಯಿಸಿ ಸತ್ಕರಿಸಿ, ವ್ರತಸೂಚಕವಾದ ಸೂತ್ರವನ್ನು ಕೊಟ್ಟು ದ್ವಿಜರೆಂದು ಮನ್ನಿಸಿದನು.

ಇತಿಹಾಸಕಾರರು ಈ ಪ್ರಸಂಗವನ್ನು ಸಾಮಾನ್ಯವಾಗಿ ಜೈನರು ವರ್ಣವ್ಯವಸ್ಥೆಯನ್ನು ತಮ್ಮದಾಗಿಸಿಕೊಂಡ ಬಗೆಯ ನಿದರ್ಶನವಾಗಿ ಓದುತ್ತಾರೆ. ಆ ಓದು ಸರಿಯಾದುದೇ. ಆದರೆ ಪರೀಕ್ಷೆಯ ಸ್ವರೂಪವನ್ನು ಪ್ರತ್ಯೇಕವಾಗಿ ನೋಡಬೇಕು. ಭರತ ಯಾರನ್ನೂ ಶಾಸ್ತ್ರದ ಪ್ರಶ್ನೆ ಕೇಳಲಿಲ್ಲ, ಭಾಷಣ ಮಾಡಿಸಲಿಲ್ಲ. ಪರೀಕ್ಷೆ ನಡೆಯುತ್ತಿದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಚಕ್ರವರ್ತಿಯ ಕರೆ, ಒಳಗೆ ಸನ್ಮಾನ ಕಾದಿದೆ, ನಡುವೆ ಹತ್ತು ಹೆಜ್ಜೆಯ ಅಂಗಳ. ಆ ಹತ್ತು ಹೆಜ್ಜೆಗಳ ಮುಂದೆ ಕಾಲು ನಿಲ್ಲುತ್ತದೆಯೇ ಎಂಬುದೊಂದೇ ಪರೀಕ್ಷೆ. ಜೀವದಯೆ ಇಲ್ಲಿ ನಂಬಿಕೆಯೂ ಹೌದು, ಪರಿಸರಪ್ರಜ್ಞೆಯೂ ಹೌದು. ಎರಡನ್ನೂ ಬೇರೆಬೇರೆ ಗೋಷ್ಠಿಗಳಾಗಿ ವಿಂಗಡಿಸುವ ಅಗತ್ಯ ಜಿನಸೇನರಿಗೆ ತೋರಲಿಲ್ಲ.

ಕಥೆ ಅಲ್ಲಿಗೆ ಮುಗಿಯುವುದೂ ಇಲ್ಲ. ನಾಲ್ವತ್ತೊಂದನೆಯ ಪರ್ವದಲ್ಲಿ ಭರತ ದುಃಸ್ವಪ್ನಗಳನ್ನು ಕಂಡು ಕಳವಳಗೊಂಡು ಆದಿನಾಥನ ಸಮವಸರಣಕ್ಕೆ ಹೋಗುತ್ತಾನೆ. ತಾನು ದ್ವಿಜರನ್ನು ಸೃಷ್ಟಿಸಿದ್ದು ಸರಿಯೋ ತಪ್ಪೋ ಎಂದೂ ಕೇಳುತ್ತಾನೆ. ಈಗ ಒಳ್ಳೆಯದೇ, ಆದರೆ ಕಾಲ ಇಳಿದಂತೆ ಇವರೇ ಹಿರಿಮೆಯ ಮದದಿಂದ ದಾರಿ ತಪ್ಪುವರು ಎಂಬ ಅರ್ಥದ ಉತ್ತರ ದೊರೆಯುತ್ತದೆ. ಮೊಳಕೆಯನ್ನು ತುಳಿಯದವನ ಸಂತತಿಯೇ ಮೊಳಕೆಯನ್ನು ತುಳಿಯದವನು ತಾನೆಂಬ ಅಹಂಕಾರದಿಂದ ಮನುಷ್ಯರನ್ನು ತುಳಿದೀತು. ನಾಯಕರನ್ನು ತಯಾರಿಸುವ ಯೋಜನೆಯೊಂದರ ಬಗ್ಗೆ ಇಷ್ಟು ನಿಷ್ಠುರವಾದ ಮರುಚಿಂತನೆಯನ್ನು ಆ ಯೋಜನೆಯನ್ನು ವರ್ಣಿಸಿದ ಗ್ರಂಥವೇ ದಾಖಲಿಸಿರುವುದು ಅಪರೂಪ.

ಪರಿಸರದ ಮಾತಿಗೆ ಬಂದರೆ, ಶಿಬಿರಗಳಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವುದು ಜಗತ್ತಿನ ಮಟ್ಟದ ಒಂದು ದಾಖಲೆ. 1986ರಲ್ಲಿ ಇಟಲಿಯ ಅಸ್ಸಿಸಿಯಲ್ಲಿ ಐದು ಧರ್ಮಗಳ ಪ್ರತಿನಿಧಿಗಳು ಪ್ರಕೃತಿಯ ಬಗೆಗೆ ತಮ್ಮ ತಮ್ಮ ಘೋಷಣೆಗಳನ್ನು ಮಂಡಿಸಿದ್ದರು. ನಾಲ್ಕು ವರ್ಷಗಳ ಬಳಿಕ, 1990ರ ಅಕ್ಟೋಬರ್ 23ರಂದು, ಎಲ್. ಎಂ. ಸಿಂಘ್ವಿಯವರು ರಚಿಸಿದ ಜೈನ ಘೋಷಣೆಯನ್ನು ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆಯಲ್ಲಿ ರಾಜಕುಮಾರ ಫಿಲಿಪ್ಪರಿಗೆ ಅರ್ಪಿಸಲಾಯಿತು. ಅಹಿಂಸೆ, ಅನೇಕಾಂತ, ಪರಸ್ಪರೋಪಗ್ರಹಗಳನ್ನು ಹೊರಜಗತ್ತಿಗೆ ಸರಳವಾಗಿ ತಿಳಿಸಿದ ಒಳ್ಳೆಯ ದಾಖಲೆ ಅದು. ಆದರೆ ಘೋಷಣೆಗಿಂತ ಕಟುವಾದ ಪಠ್ಯವೊಂದು ಶ್ರಾವಕಾಚಾರಗಳಲ್ಲಿಯೇ ಇದೆ, ಅದನ್ನು ಶಿಬಿರಗಳು ಹೆಚ್ಚಾಗಿ ದಾಟಿ ಹೋಗುತ್ತವೆ.

ಗೃಹಸ್ಥನು ಬಿಡಬೇಕಾದ ಹದಿನೈದು ಉದ್ಯೋಗಗಳ ಪಟ್ಟಿ ಅದು. ಶ್ವೇತಾಂಬರ ಪರಂಪರೆಯಲ್ಲಿ ಉಪಾಸಕದಶಾಂಗದಿಂದ ಹೇಮಚಂದ್ರರ ಯೋಗಶಾಸ್ತ್ರದವರೆಗೆ ಕರ್ಮಾದಾನವೆಂಬ ಹೆಸರಿನಲ್ಲಿ ಬರುತ್ತದೆ. ದಿಗಂಬರರಲ್ಲಿ 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತ ಖರಕರ್ಮವೆಂದು ಅವನ್ನೇ ಹೇಳುತ್ತದೆ. ಇದ್ದಿಲು ಸುಟ್ಟು ಬದುಕುವುದು, ಕಾಡು ಕಡಿದು ಮಾರುವುದು, ನೆಲ ಸಿಡಿಸಿ ಅಗೆಯುವುದು, ದಂತದ ವ್ಯಾಪಾರ, ಅರಗಿನ ವ್ಯಾಪಾರ, ವಿಷದ ವ್ಯಾಪಾರ, ಕಾಡಿಗೆ ಬೆಂಕಿ ಇಡುವುದು, ಕೆರೆಕೊಳಗಳನ್ನು ಬತ್ತಿಸುವುದು. ಕೆರೆ ಬತ್ತಿಸುವುದನ್ನು ಒಂದು ಉದ್ಯೋಗವೆಂದು ಗುರುತಿಸಿ ನಿಷೇಧಿಸಿದ ಆ ಕಾಲದ ಕಣ್ಣು ಸೂಕ್ಷ್ಮವಾದುದು. ಇದಕ್ಕೆ ಜೊತೆಯಾಗಿ ಅನರ್ಥದಂಡವ್ರತವಿದೆ. ಸಮಂತಭದ್ರರು ಅದರ ಐದು ಬಗೆಗಳಲ್ಲಿ ಕೊನೆಯದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸಿಕೊಳ್ಳುವುದು, ಗಿಡ ಕಡಿಯುವುದು, ಸುಮ್ಮನೆ ತಿರುಗಾಡುವುದು, ತಿರುಗಾಡಿಸುವುದು ಇವುಗಳನ್ನೆಲ್ಲ ಸೇರಿಸುತ್ತಾರೆ. ಪ್ರಯೋಜನವಿಲ್ಲದೆ ಎಂಬುದೇ ಇಲ್ಲಿ ಮುಖ್ಯ. ಗೃಹಸ್ಥನಿಗೆ ಬೆಂಕಿ ಬೇಕು, ನೀರು ಬೇಕು. ಬೇಡವಾದಾಗಲೂ ಬಳಸುವ ಹಕ್ಕು ಮಾತ್ರ ಅವನಿಗಿಲ್ಲ.

ಈ ಪಟ್ಟಿಯನ್ನು ಹಿಡಿದುಕೊಂಡು ಶಿವಮೊಗ್ಗದಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರು ಹೋದರೆ ಭದ್ರಾವತಿ. ಊರಿನ ಹಳೆಯ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆ ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತಿತ್ತು. ಮುಂದೆ 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂದಿತು. ಅದರ ಕಚ್ಚಾವಸ್ತುವಿಗಾಗಿ ಗುತ್ತಿಗೆಗೆ ಕೊಟ್ಟ ಅರಣ್ಯಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ತೋಪುಗಳೆದ್ದವು. ಆ ಗುತ್ತಿಗೆಯ ಅವಧಿ 2020ರಲ್ಲಿ ಮುಗಿದಾಗ, ಮತ್ತೆ ನವೀಕರಿಸಬಾರದು, ಸಹಜ ಕಾಡು ಬೆಳೆಯಲು ಬಿಡಬೇಕು ಎಂದು ಜಿಲ್ಲೆಯಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳನ್ನು ಖರಕರ್ಮವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಅವು ಸೊರಗಿದಾಗ ಆ ಊರು ಪಟ್ಟ ಪಾಡು ಎಲ್ಲರೂ ಕಂಡದ್ದೇ. ಆದರೆ ಬೆಂಕಿಪುರವನ್ನು ಕಣ್ಣೆದುರು ಇಟ್ಟುಕೊಂಡು ಹದಿನೈದು ಉದ್ಯೋಗಗಳ ಪಟ್ಟಿಯನ್ನು ಚರ್ಚಿಸದ ಪರಿಸರ ಗೋಷ್ಠಿ ಈ ಜಿಲ್ಲೆಯಲ್ಲಿ ನಡೆದರೇನು, ಬೇರೆಲ್ಲಿ ನಡೆದರೇನು? ಇಂದಿನ ವರ್ತಕ ಇದ್ದಿಲು ಸುಡುವುದಿಲ್ಲ. ಅವನ ಉಳಿತಾಯದ ಹಣ ಯಾವ ಗಣಿಯಲ್ಲಿ, ಯಾವ ರಾಸಾಯನಿಕದಲ್ಲಿ ದುಡಿಯುತ್ತಿದೆಯೆಂದು ಅವನಿಗೆ ತಿಳಿದಿರಬೇಕೆಂದೂ ಇಲ್ಲ. ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಾಗಿ ಪಾಪವನ್ನು ವಿಂಗಡಿಸಿದ ಶಾಸ್ತ್ರಕ್ಕೆ ಈ ಪ್ರಶ್ನೆ ಹೊಸದಲ್ಲ. ಸಸಿ ನೆಡುವುದು ಒಳ್ಳೆಯದು. ನೆಟ್ಟ ಸಸಿಗೆ ಏಪ್ರಿಲ್ ತಿಂಗಳಲ್ಲಿ ನೀರು ಹಾಕುವವರು ಯಾರು ಎಂಬುದನ್ನಾದರೂ ಶಿಬಿರ ಗೊತ್ತುಮಾಡಿದರೆ ಇನ್ನೂ ಒಳ್ಳೆಯದು.

ಇದೇ ಜಿಲ್ಲೆಯ ಹೊಂಬುಜ ಬೇರೆಯದೇ ಪಾಠ ಹೇಳುತ್ತದೆ. ಶಾಸನಗಳ ಪೊಂಬುರ್ಚ, ಇಂದಿನ ಹುಂಚ. ಸಾಂತರರ ರಾಜಧಾನಿಯಾಗಿದ್ದ ಈ ಕ್ಷೇತ್ರದ ಐತಿಹ್ಯದಲ್ಲಿ ಒಂದು ಗಿಡ, ಒಂದು ಕೆರೆ, ಒಂದು ಹೊಳೆ ಸೇರಿಕೊಂಡಿವೆ. ಉತ್ತರದಿಂದ ಬಂದ ಜಿನದತ್ತರಾಯ ವಿಶ್ರಮಿಸಿದ ಲಕ್ಕಿಗಿಡದಡಿಯಲ್ಲಿ ಪದ್ಮಾವತಿ ನೆಲೆಗೊಂಡಳು. ಶಾಸನಗಳಲ್ಲಿ ಅವಳಿಗೆ ಲೊಕ್ಕಿಯಬ್ಬೆಯೆಂಬ ಹೆಸರೇ ಇದೆ. ಮುತ್ತಿನಕೆರೆ ಬತ್ತುವುದಿಲ್ಲವೆಂಬುದು ಭಕ್ತರ ನಂಬಿಕೆ. ಕುಮುದ್ವತಿ ಹುಟ್ಟುವುದು ಅಲ್ಲಿಗೆ ಸಮೀಪದ ಬಿಲ್ಲೇಶ್ವರದಲ್ಲಿ; ಶಿಕಾರಿಪುರದ ಅಂಜನಾಪುರ ಜಲಾಶಯವನ್ನೂ ಮಾಸೂರಿನ ಮದಗದ ಕೆರೆಯನ್ನೂ ತುಂಬಿ ಅದು ತುಂಗಭದ್ರೆಯನ್ನು ಸೇರುತ್ತದೆ. ಐತಿಹ್ಯದ ಸತ್ಯಾಸತ್ಯ ಬೇರೆ ವಿಚಾರ. ಗಿಡ ಒಣಗಿದರೆ, ಕೆರೆ ಬತ್ತಿದರೆ ದೇವಿ ಇಲ್ಲಿಲ್ಲವೆಂದು ಅರ್ಥ ಎಂಬ ಭಯವನ್ನು ಒಂದು ಊರು ನೂರಾರು ವರ್ಷ ಉಳಿಸಿಕೊಂಡು ಬಂದರೆ ಆ ಕೆರೆಯ ದಂಡೆ ತಾನಾಗಿಯೇ ಉಳಿಯುತ್ತದೆ.

ಆ ಊರಿನ ಪಂಚಕೂಟ ಬಸದಿ 1077ರದು. ಉರ್ವೀತಿಲಕವೆಂದು ಅದರ ಹೆಸರು. ಕಟ್ಟಿಸಿದವಳು ಚಟ್ಟಲದೇವಿ. ಗಂಗವಂಶದ ಮಗಳು, ಪಲ್ಲವ ಕಾಡುವೆಟ್ಟಿಯ ರಾಣಿ. ಸಾಂತರ ಅರಸನನ್ನು ವರಿಸಿದ್ದ ಸೋದರಿ ತೀರಿಕೊಂಡಾಗ ಅವಳ ನಾಲ್ವರು ಗಂಡುಮಕ್ಕಳಾದ ತೈಲ, ಗೊಗ್ಗಿಗ, ಒಡ್ಡುಗ, ಬರ್ಮರು ಚಟ್ಟಲದೇವಿಯ ಮಡಿಲಿಗೆ ಬಂದರು. ಅವಳು ಅವರನ್ನು ತನ್ನ ಮಕ್ಕಳೆಂದೇ ಸಾಕಿದಳು. ಅಗಲಿದ ತಂದೆತಾಯಿ, ಸೋದರಿ ಮೊದಲಾದವರ ನೆನಪಿಗೆ ಆ ಮಕ್ಕಳನ್ನು ಜೊತೆಗಿಟ್ಟುಕೊಂಡೇ ಬಸದಿಯನ್ನು ಎತ್ತಿಸಿದಳು. ಅವಳ ಗುರು ಶ್ರೀವಿಜಯರು, ಒಡೆಯದೇವರೆಂದೂ ಪ್ರಸಿದ್ಧರು. ಬಸದಿಯೊಂದೇ ಅಲ್ಲ, ಕೆರೆ, ಬಾವಿ, ಅರವಟ್ಟಿಗೆ, ಸ್ನಾನದ ತೀರ್ಥ, ಸತ್ರ, ತೋಪುಗಳನ್ನು ಅವಳು ಮಾಡಿಸಿದಳೆಂದು, ಆಹಾರ ಅಭಯ ಭೈಷಜ್ಯ ಶಾಸ್ತ್ರದಾನಗಳನ್ನು ನಡೆಸಿದಳೆಂದು ಶಾಸನ ಕೊಂಡಾಡುತ್ತದೆ. ಪ್ರಶಸ್ತಿಶಾಸನಗಳ ಹೊಗಳಿಕೆಯಲ್ಲಿ ಎಷ್ಟೋ ಭಾಗ ರೂಢಿಯ ಮಾತು ಎಂದು ತೆಗೆದುಹಾಕಿದರೂ ಉಳಿಯುವುದು ಸಾಕಷ್ಟಿದೆ. ತಾಯಿಯಿಲ್ಲದ ನಾಲ್ವರು ಅರಸುಮಕ್ಕಳಿಗೆ ದೊರೆತ ನಾಯಕತ್ವದ ತರಬೇತಿ ಯಾವುದೆಂದು ಕೇಳಿದರೆ ಬಹುಶಃ ಅದೇ: ದೊಡ್ಡವಳೊಬ್ಬಳು ಕಲ್ಲುಕುಟಿಗರೊಡನೆ, ಕೆರೆಯ ಒಡ್ಡಿನೊಡನೆ, ಗುರುಗಳೊಡನೆ ವ್ಯವಹರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದು.

ಅವಳಿಗಿಂತ ಒಂದೂವರೆ ಶತಮಾನ ಹಿಂದಿನವಳು ಜಕ್ಕಿಯಬ್ಬೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ, 10ನೆಯ ಶತಮಾನದ ಎರಡನೆಯ ದಶಕದ್ದು. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ನಾಗಾರ್ಜುನ ಸತ್ತಾಗ ಆ ಅಧಿಕಾರ ಅವಳಿಗೆ ಬಂದಿತು. ಹೆಣ್ಣಾದರೂ ಆಡಳಿತದಲ್ಲಿ ನಿಪುಣೆ, ಜಿನಶಾಸನದಲ್ಲಿ ನಿಷ್ಠಾವಂತೆಯೆಂದು ಶಾಸನಕವಿ ಹೇಳುತ್ತಾನೆ. ಆ ‘ಆದರೂ’ ಅವನ ಕಾಲದ್ದು, ಇಂದಿಗೂ ಎಲ್ಲಿಗೂ ಹೋಗಿಲ್ಲ. ಕಾಯಿಲೆ ಬಿದ್ದಾಗ ಅವಳು ಮಗಳನ್ನು ಕರೆಯಿಸಿ ತನ್ನ ಹೊಣೆಯನ್ನು ಒಪ್ಪಿಸಿದಳು, ಬಂದಳಿಕೆಯ ತೀರ್ಥದ ಬಸದಿಗೆ ಹೋಗಿ ವ್ರತಪೂರ್ವಕವಾಗಿ ದೇಹ ಬಿಟ್ಟಳು. ಪದವಿಯನ್ನು ಹಿಡಿಯುವ ತರಬೇತಿ ಎಲ್ಲ ಕಡೆಯೂ ಸಿಗುತ್ತದೆ. ಬಿಡುವ ತರಬೇತಿ ಜೈನರ ಸಲ್ಲೇಖನಾ ಪರಂಪರೆಯಲ್ಲಿದೆ. ಸಮಾಜದ ಸಂಘಸಂಸ್ಥೆಗಳ ಅಧ್ಯಕ್ಷ ಪದವಿಗಳಿಗೆ ಅದನ್ನು ಅನ್ವಯಿಸಿದ ನಿದರ್ಶನಗಳು ಹೆಚ್ಚಿಲ್ಲ.

ಆಧುನಿಕ ಕಾಲದಲ್ಲಿ ನಾಯಕರನ್ನು ಬೆಳೆಸುವ ಕೆಲಸ ಶಿಬಿರದಿಂದಲ್ಲ, ವಿದ್ಯಾರ್ಥಿನಿಲಯಗಳಿಂದ ಆರಂಭವಾಯಿತು. 1899ರಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ನಡೆಸಿತು. ಹಳ್ಳಿಯ ಒಕ್ಕಲು ಮನೆಯ ಹುಡುಗರು ಅಲ್ಲಿ ವರ್ಷಗಟ್ಟಲೆ ಇದ್ದು, ಒಂದೇ ಪಂಕ್ತಿಯಲ್ಲಿ ಉಂಡು, ಬಸದಿಗೂ ಕಾಲೇಜಿಗೂ ಹೋಗಿ ಬಂದರು. ಮಠಗಳ ಮಟ್ಟದಲ್ಲಿ ಶ್ರವಣಬೆಳಗೊಳದ ಚಾರುಕೀರ್ತಿ ಭಟ್ಟಾರಕರು (1949–2023) 1970ರಲ್ಲಿ ಪೀಠವೇರಿದಂದಿನಿಂದ ಅರ್ಧ ಶತಮಾನ ಕಾಲ ಪ್ರಾಕೃತ ಅಧ್ಯಯನಕ್ಕೂ ಆಸ್ಪತ್ರೆಗೂ ಒಂದೇ ಆಸ್ಥೆ ತೋರಿದರು. ಅವರ ಬಳಿ ಓದಿದವರು ಇಂದು ಬೇರೆ ಪೀಠಗಳಲ್ಲಿದ್ದಾರೆ. ಎರಡರಲ್ಲಿಯೂ ಸಮಾನವಾದುದು ದೀರ್ಘಕಾಲದ ಸಹವಾಸ. ಮೂರು ದಿನದ ಶಿಬಿರ ಅದರ ಬದಲಿಯಾಗಲಾರದು, ಹೆಚ್ಚೆಂದರೆ ಅದರ ನೆನಪಾದೀತು.

ಶ್ರದ್ಧೆಯ ಗೋಷ್ಠಿಯಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳಿಕೊಡುವುದು ವಾಡಿಕೆ. ಅವುಗಳಲ್ಲಿ ಉಪಗೂಹನದ ದೃಷ್ಟಾಂತಪುರುಷ ಜಿನೇಂದ್ರಭಕ್ತನೆಂಬ ಶ್ರೇಷ್ಠಿ, ಅಂದರೆ ಪೇಟೆಯವನೇ. ಬ್ರಹ್ಮಚಾರಿಯ ವೇಷ ಹಾಕಿ ಬಂದ ಕಳ್ಳನೊಬ್ಬ ಅವನ ಚೈತ್ಯಾಲಯದ ರತ್ನವನ್ನು ಕದ್ದು ಓಡುತ್ತಾನೆ. ಕಾವಲುಗಾರರು ಬೆನ್ನಟ್ಟಿದಾಗ, ನಾನೇ ತರಹೇಳಿದ್ದೆ ಎಂದು ಶ್ರೇಷ್ಠಿ ಎಲ್ಲರೆದುರು ಅವನನ್ನು ಬಿಡಿಸುತ್ತಾನೆ, ಆಮೇಲೆ ಏಕಾಂತದಲ್ಲಿ ಗದರಿಸಿ ಹೊರಗೆ ಕಳುಹಿಸುತ್ತಾನೆ. ಧರ್ಮದ ಹೆಸರು ಕೆಡಬಾರದೆಂಬುದು ಅವನ ಉದ್ದೇಶ. ಈ ಕಥೆಯನ್ನು ಇಂದಿನ ತರುಣರಿಗೆ ಹೇಳುವಾಗ ಎಚ್ಚರ ಬೇಕು. ದುರ್ಬಲನೊಬ್ಬನ ಜಾರುವಿಕೆಯನ್ನು ಮುಚ್ಚಿ ಅವನನ್ನು ತಿದ್ದುವುದು ಒಂದು. ಬಲಿಷ್ಠನೊಬ್ಬನ ಅನ್ಯಾಯವನ್ನು ಸಮಾಜದ ಮರ್ಯಾದೆಯ ಹೆಸರಿನಲ್ಲಿ ಮುಚ್ಚುವುದು ಇನ್ನೊಂದು. ಎರಡನೆಯದಕ್ಕೂ ಉಪಗೂಹನವೆಂಬ ಹೆಸರೇ ಸಲ್ಲುತ್ತಿರುವುದು ಒಂದು ಸಮುದಾಯದ ಕಥೆ ಮಾತ್ರವಲ್ಲ. ಪಟ್ಟಿಯಲ್ಲಿ ಉಪಗೂಹನದ ಮುಂದಿನದೇ ಸ್ಥಿತೀಕರಣ, ಜಾರಿದವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು. ಜಿನೇಂದ್ರಭಕ್ತ ಏಕಾಂತದಲ್ಲಿ ಆಡಿದ ಮಾತನ್ನು ಬಿಟ್ಟು, ಎಲ್ಲರೆದುರು ಆಡಿದ ಮಾತನ್ನಷ್ಟೇ ಕಲಿತರೆ ಕಥೆ ಅರ್ಧವಾಯಿತು.

ಇನ್ನು ಶಾಂತಿ. ಗಾಂಧಿಯ ಹೆಸರು ಹೊತ್ತ ಬೀದಿಯಲ್ಲಿ ಆ ಮಾತು ಎಷ್ಟು ನಾಜೂಕಾದುದೆಂದು ಬಜಾರಿನವರಿಗೆ ಯಾರೂ ಹೇಳಬೇಕಾಗಿಲ್ಲ. 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಎಪ್ಪತ್ತೈದು ವರ್ಷ ತುಂಬಿದ ದಿನವೇ, ಅಮೀರ್ ಅಹಮದ್ ವೃತ್ತದಲ್ಲಿ ಭಾವಚಿತ್ರವೊಂದರ ಬಗೆಗೆ ಎದ್ದ ಜಗಳದ ಬೆನ್ನಿಗೆ ಗಾಂಧಿ ಬಜಾರಿನಲ್ಲಿ ತರುಣನೊಬ್ಬನಿಗೆ ಚೂರಿಯಿರಿತವಾಯಿತು. ನಿಷೇಧಾಜ್ಞೆ ಬಂದಿತು, ಶಟರುಗಳು ಇಳಿದವು. ಹಬ್ಬಗಳು ಹತ್ತಿರವಾದಾಗಲೆಲ್ಲ ಜಿಲ್ಲಾಡಳಿತ ಶಾಂತಿಸಭೆ ಕರೆಯುತ್ತದೆ. ಎಲ್ಲ ಮತಗಳ ಮುಖಂಡರು ಬಂದು ಸೌಹಾರ್ದದ ಮಾತನಾಡಿ ಚಹ ಕುಡಿದು ಹೋಗುತ್ತಾರೆ. ಮೆರವಣಿಗೆಯ ದಿನ ಬೀದಿಯ ಎರಡೂ ಕಡೆ ಪೊಲೀಸರು ನಿಲ್ಲುತ್ತಾರೆ. ಈ ನಡುವೆ ಅಲ್ಪಸಂಖ್ಯಾತರಲ್ಲಿಯೂ ಅಲ್ಪಸಂಖ್ಯಾತನಾದ ಜೈನ ವರ್ತಕನ ಸ್ಥಾನವೆಲ್ಲಿ? ಅವನು ಸಾಮಾನ್ಯವಾಗಿ ಸುಮ್ಮನಿರುತ್ತಾನೆ. ಸುಮ್ಮನಿರುವುದನ್ನೇ ಮಾಧ್ಯಸ್ಥ್ಯವೆಂದು ಕರೆದುಕೊಳ್ಳುವುದೂ ಉಂಟು. ತತ್ತ್ವಾರ್ಥಸೂತ್ರ ಹೇಳುವ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳಲ್ಲಿ ಕೊನೆಯದನ್ನು ಮಾತ್ರ ಆರಿಸಿಕೊಳ್ಳುವುದು ಸುಲಭ. ಮೊದಲನೆಯದು ಎದ್ದು ಪಕ್ಕದ ಅಂಗಡಿಗೆ ಹೋಗುವುದನ್ನು ಬಯಸುತ್ತದೆ.

ಗಾಂಧೀಜಿಗೆ ಈ ಬಗೆಯ ವರ್ತಕನೊಬ್ಬನ ಪರಿಚಯವಿತ್ತು. 1891ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದಿಳಿದಾಗ ಅವರು ಕಂಡ ರಾಯಚಂದಭಾಯಿ, ಮುತ್ತುರತ್ನಗಳ ಪರೀಕ್ಷಕ. ವ್ಯಾಪಾರದ ಮೇಜಿನ ಮೇಲೆಯೇ ಧರ್ಮಗ್ರಂಥವೂ ದಿನಚರಿಯೂ ಇರುತ್ತಿದ್ದವು, ವ್ಯವಹಾರ ಮುಗಿದ ಕ್ಷಣವೇ ಅವು ತೆರೆದುಕೊಳ್ಳುತ್ತಿದ್ದವು ಎಂಬುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬೆರಗಿನಿಂದ ನೆನೆದಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಮತಾಂತರದ ಒತ್ತಾಯ ಸುತ್ತುವರಿದಾಗ ಅವರು ತಮ್ಮ ಸಂದೇಹಗಳನ್ನು ಬರೆದು ಕಳುಹಿಸಿದ್ದು ಈ ಜೈನ ವ್ಯಾಪಾರಿಗೇ. ರಾಯಚಂದಭಾಯಿ ಅವರನ್ನು ಜೈನರನ್ನಾಗಿಸಲು ಹೋಗಲಿಲ್ಲ. ತಮ್ಮದೇ ಧರ್ಮವನ್ನು ಇನ್ನಷ್ಟು ಆಳವಾಗಿ ನೋಡಲು ಹೇಳಿದರು.

ಕನ್ನಡನಾಡಿನಲ್ಲಿ ಶಾಂತಿಯ ಬಗೆಗಿನ ಅತ್ಯಂತ ಪ್ರಸಿದ್ಧ ದಾಖಲೆ 1368ರ ಬುಕ್ಕರಾಯನ ಶಾಸನ. ಪಾಠಪುಸ್ತಕಗಳಲ್ಲಿ ಅದು ಮತಸಾಮರಸ್ಯದ ನಿದರ್ಶನವಾಗಿ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಪೂರ್ತಿಯಾಗಿ ಓದಿದರೆ ಅದು ಒಂದು ಬೀದಿಜಗಳದ ಇತ್ಯರ್ಥ. ಜೈನರಿಗೂ ಭಕ್ತರಿಗೂ, ಅಂದರೆ ಶ್ರೀವೈಷ್ಣವರಿಗೂ, ತಕರಾರು ಬಂದಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹಗಳೇ ಮೊದಲಾದ ಊರುಗಳ ಜೈನರು ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನಹ ಮಾಡಿಕೊಂಡರು. ಜಗಳದ ವಸ್ತುಗಳಲ್ಲಿ ಪಂಚಮಹಾವಾದ್ಯ ಮತ್ತು ಕಲಶ ಇದ್ದವು: ಯಾರು ಯಾವ ವಾದ್ಯ ಬಾರಿಸುತ್ತ ಬೀದಿಯಲ್ಲಿ ಹೋಗಬಹುದು ಎಂಬ ಪ್ರಶ್ನೆ. ಆರೂವರೆ ಶತಮಾನಗಳ ಬಳಿಕವೂ ಶಾಂತಿಸಭೆಗಳ ಟಿಪ್ಪಣಿಯಲ್ಲಿ ವಾದ್ಯ, ಧ್ವನಿ, ದಾರಿ ಎಂಬ ಮಾತುಗಳೇ ಇರುವುದನ್ನು ನೆನೆದರೆ ಆ ಶಾಸನ ಹಳೆಯದೆನಿಸುವುದಿಲ್ಲ.

ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಒಪ್ಪಿಸಿದನೆಂಬುದು ಎಲ್ಲರಿಗೂ ಗೊತ್ತಿರುವ ಭಾಗ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರು ಅಲ್ಲಿ ಕೂಡಿದ್ದರು. ಜೈನದರ್ಶನಕ್ಕ��� ಹಾನಿಯಾದರೆ ವೈಷ್ಣವದರ್ಶನಕ್ಕೆ ಹಾನಿಯಾದಂತೆ ಎಣಿಸಬೇಕೆಂದು ನಿರ್ಣಯವಾಯಿತು. ಇದರ ಮುಂದಿನದು ವ್ಯವಹಾರದ ಭಾಗ. ನಾಡಿನ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡುವುದು. ಅದನ್ನು ತಿರುಮಲೆಯ ತಾತಯ್ಯ, ಎಂದರೆ ಎದುರುಪಕ್ಷದವನೇ, ಕೂಡಿಸಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವುದು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸುವುದು. ಕೈಗೆ ಕೈಯಿಟ್ಟದ್ದು ಒಂದು ದಿನ, ಸುಣ್ಣ ಹೊಡೆಸುವ ಕೆಲಸವಾದರೋ ವರ್ಷವರ್ಷದ್ದು. ಬಲವುಳ್ಳವರ ರಕ್ಷಣೆಗೆ ಬಲವಿಲ್ಲದವರನ್ನು ಒಪ್ಪಿಸಿದ ಈ ಏರ್ಪಾಟು ಸಮಾನರ ಒಪ್ಪಂದವಲ್ಲವೆಂಬ ಟೀಕೆಗೆ ಆಧಾರವಿದೆ. ತನ್ನ ಕಾವಲಿಗೆ ತಾನೇ ಹಣ ಕೊಡಬೇಕಾದ ಸ್ಥಿತಿ ಹಿತವಾದುದಲ್ಲ. ಹಾಗಿದ್ದೂ, ಕದನದ ಎರಡು ಪಕ್ಷಗಳನ್ನು ಒಂದು ಲೆಕ್ಕಪುಸ್ತಕದೊಳಕ್ಕೆ ತಂದ ಜಾಣ್ಮೆ ಅದರಲ್ಲಿದೆ. ಅದು ಪೇಟೆಯವರಿಗೆ ತಿಳಿಯುವ ಭಾಷೆ.

ಆ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ಇದೆ. ಅದಕ್ಕೆ ಆಮೇಲೆ ಸೇರಿಸಿದ ಸಾಲುಗಳಲ್ಲಿ ಅರಸನಲ್ಲದ, ಆಚಾರ್ಯನೂ ಅಲ್ಲದ ಒಬ್ಬನ ಹೆಸರು ಬರುತ್ತದೆ. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಯಿಸಿ ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ, ಜೈನರೂ ವೈಷ್ಣವರೂ, ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.